ಪುತ್ತೂರು ಓಡಿದ್ದು, ಸುಳ್ಯ ಕೇಳಿದ್ದು

ಕಳೆದ ವಾರ ಜ್ವರ ಬಂದು ಮಲಗಿದ್ದೆ. ದೊಡ್ಡ ಜ್ವರವೇನಲ್ಲ, ಈ ವಯಸ್ಸಿನಲ್ಲಿ ಬರುವುದೆಲ್ಲ ದೊಡ್ಡದಾಗಿಯೇ ಕಾಣುತ್ತದೆ, ಅಷ್ಟೆ. ಕೆಳಗಿನ ಮನೆಯವರು ಗ್ಲೂಕೋಸ್ ನೀರಿಗೆ ಲಿಂಬೆ ಹಿಂಡಿ ತಂದು, "ಕುಡೀರಿ ಅಕ್ಕ, ಸ್ವಲ್ಪ ಶಕ್ತಿ ಬರ್ತದೆ" ಎಂದು ಮಂಚದ ಪಕ್ಕ ಇಟ್ಟು ಹೋದರು. ಲೋಟ ಮೂಗಿನ ಹತ್ತಿರ ಬಂದದ್ದೇ ತಡ, ನನ್ನ ಕಾಲಿನ ಮೀನಖಂಡಗಳು ಬಿಗಿದುಕೊಂಡವು. ನಗಬೇಡಿ. ಮಲ್ಲಿಗೆಯ ಪರಿಮಳ ಬಂದರೆ ಮದುವೆಮನೆ ನೆನಪಾಗುವವರು ಇದ್ದಾರೆ. ನನಗೆ ಈ ಹುಳಿಸಿಹಿ ವಾಸನೆ ಬಂದರೆ ನೆನಪಾಗುವುದು ಬಿಸಿಲಿಗೆ ಕಾದ ಟಾರು ರಸ್ತೆ, ಮತ್ತು ಬೆನ್ನ ಹಿಂದೆ ಗುರುಗುಟ್ಟುತ್ತ ಬರುವ ಒಂದು ಜೀಪು.

ನಾನು ಓಡುತ್ತಿದ್ದೆ. ಅರ್ಧ ಮ್ಯಾರಥಾನ್ ಅನ್ನುತ್ತಾರಲ್ಲ, ಹದಿಮೂರು ಮೈಲಿನ ಓಟ, ಅದು. ಓಡುತ್ತಿದ್ದೆ ಎಂದ ಕೂಡಲೇ ಗೋಡೆಯ ಮೇಲಿನ ಪದಕಗಳನ್ನು ಹುಡುಕಬೇಡಿ. ಪ್ರತಿ ಸಲವೂ ಕೊನೆಗೆ ಬರುತ್ತಿದ್ದೆ. ಆ ಒಂದು ವಿಷಯದಲ್ಲಿ ನನ್ನನ್ನು ಸೋಲಿಸಿದವರು ಯಾರೂ ಇಲ್ಲ.

ಆಗ ನನಗೆ ಪುತ್ತೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಎಪ್ಪತ್ತರ ದಶಕ. ಮನೆಯಲ್ಲಿ ಕೂತು ಡಯಲ್ ತಿರುಗಿಸಿದರೆ ಪರವೂರಿಗೆ ಮಾತು ಹೋಗುವ ಕಾಲ ಇನ್ನೂ ಬಂದಿರಲಿಲ್ಲ. ಸುಳ್ಯಕ್ಕೋ ಮಡಿಕೇರಿಗೋ ಮಾತಾಡಬೇಕಾದವರು ಮೊದಲು ನಮ್ಮನ್ನು ಕೇಳಬೇಕು. ನಾವು ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೋರ್ಡಿನ ತೂತಿಗೆ ಪ್ಲಗ್ ಚುಚ್ಚಿ, ಆ ಊರಿನ ಆಪರೇಟರನ್ನು ಕರೆದು ಸಂಪರ್ಕ ಕೊಡಬೇಕು. ಅಡಿಕೆಯ ಧಾರಣೆ, ಹೆರಿಗೆ, ಸಾವು, ಕೂಡಿಬಂದ ಸಂಬಂಧ, ಮುರಿದ ಸಂಬಂಧ, ಎಲ್ಲ ನಮ್ಮ ಕೈ ದಾಟಿಯೇ ಹೋಗುತ್ತಿದ್ದವು. ದಿನವಿಡೀ ಒಬ್ಬರಿಗೊಬ್ಬರನ್ನು ಕೂಡಿಸಿ, ಸಂಜೆ ಪುತ್ತೂರಿನ ದರ್ಬೆಯಲ್ಲಿದ್ದ ಬಾಡಿಗೆ ಕೋಣೆಗೆ ಮರಳಿದರೆ, ನನ್ನೊಡನೆ ಮಾತಾಡಲು ಇದ್ದದ್ದು ಮನೆಯೊಡತಿ ಕಲ್ಯಾಣಿಯಕ್ಕ ಒಬ್ಬರೇ. ಅವರಿಗೆ ಕಿವಿ ಕೇಳುತ್ತಿರಲಿಲ್ಲ.

ಅಪ್ಪ ಅಮ್ಮ ಇಬ್ಬರೂ ಬೇಗ ಹೋಗಿದ್ದರು. ವಿಟ್ಲದ ಹತ್ತಿರ ಅಣ್ಣನ ಸಂಸಾರವಿತ್ತು. ಹಬ್ಬಕ್ಕೆ ಹೋಗಿ ಬರುತ್ತಿದ್ದೆ. ಹುಡುಗನ ಕಡೆಯವರು ಬಂದು ನೋಡಿ ಹೋಗುವುದು, ಆಮೇಲೆ ಸುದ್ದಿಯೇ ಇಲ್ಲದಿರುವುದು, ಇದು ಕೆಲವು ವರ್ಷ ನಡೆದು ನಿಂತಿತು. ಹಾಗೆ ನಿಂತ ಮೇಲೆಯೇ ನಾನು ಓಡಲು ಶುರು ಮಾಡಿದ್ದು ಎಂದರೆ ನೀವು ಅದಕ್ಕೊಂದು ಅರ್ಥ ಹಚ್ಚುತ್ತೀರಿ. ಹಚ್ಚಬೇಡಿ. ಶಾಲೆಯಲ್ಲಿ ಓಡುತ್ತಿದ್ದೆ, ಇಷ್ಟವಿತ್ತು. ಕಿವಿಯಲ್ಲಿ ಪರರ ಮಾತು ತುಂಬಿಕೊಂಡವಳಿಗೆ ಬೆಳಗ್ಗೆ ತನ್ನದೇ ಉಸಿರಿನ ಸದ್ದು ಕೇಳಿದರೆ ಹಿತವೆನಿಸುತ್ತಿತ್ತು.

ದರ್ಬೆಯ ದರ್ಜಿಗೆ ಸಡಿಲವಾದ ಪೈಜಾಮ, ಉದ್ದನೆಯ ಅಂಗಿ ಹೊಲಿಯಲು ಕೊಟ್ಟೆ. "ತಮ್ಮನಿಗಾ?" ಎಂದು ಕೇಳಿದ. ಹೌದೆಂದೆ. ಅಳತೆಗೆ ತಮ್ಮನನ್ನೇ ಕಳಿಸಿ ಎಂದಾಗ, ತಮ್ಮ ನನ್ನಷ್ಟೇ ಇದ್ದಾನೆ ಎಂದು ಹೇಳಬೇಕಾಯಿತು. ಕಾಲಿಗೆ ಶಾಲೆಯ ಮಕ್ಕಳು ಡ್ರಿಲ್ಲಿಗೆ ಹಾಕುವ ಬಿಳಿ ಕ್ಯಾನ್ವಾಸ್ ಶೂ. ಬೆಳಕು ಹರಿಯುವ ಹೊತ್ತಿಗೆ ಮುಕ್ರಂಪಾಡಿಯ ಕಡೆಗೆ ಹೊರಡುತ್ತಿದ್ದೆ.

ಆ ಕಾಲದಲ್ಲಿ ರಸ್ತೆಯಲ್ಲಿ ಹೆಂಗಸೊಬ್ಬಳು ಓಡಿದಳೆಂದರೆ ಏನೋ ಅನಾಹುತವಾಗಿದೆ ಎಂದೇ ಲೆಕ್ಕ. ಹಾಲಿನ ಕ್ಯಾನ್ ಹೊತ್ತವರು ಸೈಕಲ್ಲಿನಿಂದ ಇಳಿದು, "ಎಂತ ಆಯ್ತು ಅಕ್ಕ, ಯಾರಿಗೆ ಹುಷಾರಿಲ್ಲ?" ಎಂದು ಕೇಳುತ್ತಿದ್ದರು. ಸುಳ್ಯಕ್ಕೆ ಹೋಗುವ ಮೊದಲ ಬಸ್ಸು ನನಗಾಗಿ ನಿಲ್ಲುತ್ತಿತ್ತು. ಕಂಡಕ್ಟರ್ ಬಾಗಿಲಲ್ಲಿ ಜೋತು ಬಿದ್ದು, "ಓಡ್ಬೇಡಿ ಅಕ್ಕ, ನಿಲ್ಸಿದ್ದೇವೆ, ನಿಧಾನ ಬನ್ನಿ" ಎನ್ನುತ್ತಿದ್ದ. ನಾನು ಬಸ್ಸನ್ನು ದಾಟಿ ಮುಂದೆ ಓಡಿಹೋಗುವಾಗ ಒಳಗಿದ್ದ ಅಷ್ಟೂ ಮುಖಗಳು ಕಿಟಕಿಗೆ ಬರುತ್ತಿದ್ದವು. ವಾರ ಕಳೆದ ಮೇಲೆ ಬಸ್ಸು ನಿಲ್ಲುವುದು ನಿಂತಿತು. ನನಗೆ ತಲೆ ಸರಿಯಿಲ್ಲ ಎಂದು ತೀರ್ಮಾನವಾಗಿತ್ತು. ಒಮ್ಮೆ ತೀರ್ಮಾನವಾದ ಮೇಲೆ ಜನ ಒಳ್ಳೆಯವರು, ತೊಂದರೆ ಕೊಡುವುದಿಲ್ಲ.

ಮೊದಲನೆಯ ಓಟ ಪುತ್ತೂರಿನಲ್ಲಿಯೇ ಆಯಿತು. ಯುವಕರ ಸಂಘವೊಂದು ಏರ್ಪಡಿಸಿತ್ತು. ಕಿಲ್ಲೆ ಮೈದಾನದಿಂದ ಹೊರಟು, ಕುಂಬ್ರ ಮುಟ್ಟಿ ವಾಪಸು ಬರುವುದು. ಹೆಸರು ಕೊಡಲು ಹೋದರೆ ಮೇಜಿನ ಹಿಂದಿದ್ದ ಕಾರ್ಯದರ್ಶಿ ಬಹಳ ಮರ್ಯಾದೆಯಿಂದಲೇ ಹೇಳಿದರು: "ಹೆಂಗಸರಿಗೆ ಮಧ್ಯಾಹ್ನ ಲಿಂಬೆ ಚಮಚ ಉಂಟು ಅಕ್ಕ. ಮ್ಯೂಸಿಕಲ್ ಚೇರ್ ಸಹ ಉಂಟು."

"ನನಗೆ ಇದೇ ಓಡುದು."

"ದಾರಿಯಲ್ಲಿ ಎಂತಾದರೂ ಆದ್ರೆ?"

"ಎಂತಾದರೂ ಆದ್ರೆ ನಡ್ಕೊಂಡು ಬರ್ತೇನೆ."

ಎದೆಗೆ ಅಂಟಿಸುವ ನಂಬರು ಕೊಡಲಿಲ್ಲ. ಓಡಬೇಡಿ ಎಂದೂ ಹೇಳಲಿಲ್ಲ. ಸಂಪ್ಯ ದಾಟುವ ಹೊತ್ತಿಗೆ ಗಂಡಸರೆಲ್ಲ ಕಣ್ಣಿಗೆ ಬೀಳದಷ್ಟು ಮುಂದೆ ಹೋಗಿದ್ದರು. ಆಮೇಲೆ ಅವರು ಕಂಡದ್ದು ವಾಪಸು ಬರುವಾಗ, ಎದುರಿನಿಂದ. ಕೆಲವರು ನಕ್ಕರು, ಒಬ್ಬ ಕೈ ಎತ್ತಿ ನಮಸ್ಕಾರ ಮಾಡಿದ, ಅದು ಗೌರವಕ್ಕೋ ತಮಾಷೆಗೋ ನನಗಿನ್ನೂ ಗೊತ್ತಿಲ್ಲ. ಕುಂಬ್ರದಲ್ಲಿ ನೀರು ಮುಗಿದಿತ್ತು. ಕೊನೆಗೆ ಕಿಲ್ಲೆ ಮೈದಾನಕ್ಕೆ ಬಂದು ಸೇರಿದಾಗ ಬಹುಮಾನ ಹಂಚಿ, ಕುರ್ಚಿ ಮಡಚಿ, ಗೆರೆಯ ಎರಡೂ ಬದಿಯ ಕಂಬ ಕಿತ್ತಾಗಿತ್ತು. ಸುಣ್ಣದ ಗೆರೆ ಮಾತ್ರ ಇತ್ತು, ಅದೂ ಜನರ ಕಾಲಿಗೆ ಸಿಕ್ಕಿ ಅಳಿಸಿಹೋಗುತ್ತಿತ್ತು. ಅದನ್ನು ದಾಟಿದೆ. ಮೈಕಿನವನು ವಯರು ಸುತ್ತುತ್ತ ತಲೆ ಎತ್ತಿ, "ನೀವು ಎಂತ, ಈಗ ಬಂದದ್ದಾ?" ಎಂದ.

ಕೋಣೆಗೆ ಬಂದೆ. ಓಡಿ ಮುಗಿಸಿದೆ ಎಂದು ಯಾರಿಗಾದರೂ ಹೇಳಬೇಕು ಎಂಬ ಆಸೆ ಬಾಯಾರಿಕೆಗಿಂತ ಹೆಚ್ಚಾಗಿತ್ತು. ಕಲ್ಯಾಣಿಯಕ್ಕನಿಗೆ ಕೂಗಿ ಹೇಳಿದೆ. ಅವರು, "ಬಿಸಿನೀರು ಹಂಡೆಯಲ್ಲಿ ಉಂಟು, ಮೀಯು" ಎಂದರು.

ಮರುದಿನ ಅದನ್ನು ಕೇಳಿದ್ದು ಸುಳ್ಯ. ಸುಳ್ಯ ಎಂದರೆ ಊರಲ್ಲ, ಸುಳ್ಯದ ಎಕ್ಸ್‌ಚೇಂಜಿನಲ್ಲಿ ಕೂತ ಆಪರೇಟರ್. ನಾವು ತಂತಿಯ ಮೇಲೆ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಅವಳಿಗೆ ನಾನು 'ಪುತ್ತೂರು', ನನಗೆ ಅವಳು 'ಸುಳ್ಯ'. ಅವಳ ಹೆಸರು ದೇವಕಿ ಎಂದು ಗೊತ್ತಾಗಲು ವರ್ಷ ಹಿಡಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಕರೆಗಳು ಕಡಿಮೆ. ಮೇಲಿನವರು ಊಟಕ್ಕೆ ಹೋಗಿರುತ್ತಿದ್ದರು. ಆಗ ಲೈನ್ ತೆರೆದಿಟ್ಟು ಮಾತಾಡುತ್ತಿದ್ದೆವು.

"ಎಂತ ಪುತ್ತೂರು, ಉಸಿರು ಎಳೀತಿದ್ದಿ?"

"ನಿನ್ನೆ ಓಡಿದೆ ಸುಳ್ಯ. ಕುಂಬ್ರಕ್ಕೆ ಹೋಗಿ ಬಂದೆ."

"ಬಸ್ಸು ಇರ್ಲಿಲ್ವಾ ಮಾರಾಯ್ತಿ?"

ಆಮೇಲೆ ಅವಳೇ ನಗು ತಡೆದು, ಮೊದಲಿನಿಂದ ಹೇಳು ಎಂದಳು. ಯಾವ ಏರಿನಲ್ಲಿ ಕಾಲು ನೋಯಿತು, ಎಲ್ಲಿ ನಾಯಿ ಬೆನ್ನಟ್ಟಿತು, ಮೈಕಿನವನು ಏನೆಂದ, ಎಲ್ಲ ಬಿಡಿಸಿ ಬಿಡಿಸಿ ಕೇಳಿದಳು. ನಡುವೆ ಕರೆ ಬಂದರೆ, "ಒಂದು ನಿಮಿಷ, ಕುಂಬ್ರದಲ್ಲಿ ನಿಂತಿರು" ಎಂದು ಹೇಳಿ, ಕೆಲಸ ಮುಗಿಸಿ ಮತ್ತೆ ಬರುತ್ತಿದ್ದಳು. ನಾನು ಅಷ್ಟು ಹೊತ್ತು ನಿಜವಾಗಿಯೂ ಕುಂಬ್ರದಲ್ಲಿಯೇ ನಿಂತಿರುತ್ತಿದ್ದೆ.

ಹೀಗೆ ವರ್ಷಗಳು ಕಳೆದವು. ಬೆಳಗ್ಗೆ ಓಡುವುದು, ಮಧ್ಯಾಹ್ನ ಸುಳ್ಯಕ್ಕೆ ಹೇಳುವುದು. ಅವಳೂ ಹೇಳುತ್ತಿದ್ದಳು. ಅವಳ ಮನೆಮಾತು ಸುಳ್ಯ ಸೀಮೆಯ ಅರೆಭಾಷೆ. ಮಾತು ಮನಸ್ಸಿಗೆ ಹತ್ತಿರವಾದಾಗ 'ಉಂಟು' ಹೋಗಿ 'ಉಟ್ಟು' ಬರುತ್ತಿತ್ತು. ಗಂಡನಿಗೆ ಕೊಡಗಿನ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ, ತಿಂಗಳಿಗೊಮ್ಮೆ ಬರುತ್ತಾರೆ ಎಂದಿದ್ದಳು. ಒಂದು ಮಧ್ಯಾಹ್ನ, ನಾನೇನೂ ಕೇಳದೆಯೇ ಹೇಳಿದಳು: "ಅವರು ಬರುದಿಲ್ಲ ಪುತ್ತೂರು. ಬಾರದೆ ತುಂಬ ಸಮಯ ಆಯ್ತು. ಅಲ್ಲಿ ಬೇರೆ ಮನೆ ಉಟ್ಟು." ನಾನು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ. ಇನ್ನೊಂದು ದಿನ ನಾನು ನನ್ನದನ್ನು ಹೇಳಿದೆ. ಒಮ್ಮೆ ನೋಡಲು ಬಂದವರು ಅಂಗಳಕ್ಕೆ ಇಳಿದ ಮೇಲೆ, ನಾನು ಒಳಗಿದ್ದೇನೆಂಬುದನ್ನು ಮರೆತು ಆಡಿಕೊಂಡ ಮಾತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳಿಗೆ ಹೇಳಿದ್ದೆ, ಸಾಕು.

ಎಂಬತ್ತರ ದಶಕ ಶುರುವಾಗಿ ಸ್ವಲ್ಪ ಸಮಯಕ್ಕೆ ಸುಳ್ಯದಲ್ಲಿ ಓಟವಾಗುತ್ತದೆ ಎಂಬ ಸುದ್ದಿ ತಂದವಳು ಅವಳೇ. "ಜಾಲ್ಸೂರು ದಾಟಿ ಕಾಸರಗೋಡು ರಸ್ತೆಯಲ್ಲಿ ಸ್ವಲ್ಪ ಹೋಗಿ ತಿರುಗುದಂತೆ. ನೀನು ಬರ್ಬೇಕು. ನಾನು ಪೈಚಾರಿನಲ್ಲಿ ನಿಂತಿರ್ತೇನೆ."

"ನಿನ್ನ ಗುರುತು ಸಿಗುದು ಹೇಗೆ?"

"ನೀಲಿ ಸೀರೆ, ಕಪ್ಪು ಕೊಡೆ."

"ನನ್ನ ಗುರುತು?"

"ಅಷ್ಟು ಗಂಡಸರ ಹಿಂದೆ ಒಂದು ಹೆಂಗಸು ಓಡಿಕೊಂಡು ಬಂದ್ರೆ ಅದು ನೀನಲ್ಲದೆ ಮತ್ಯಾರು ಮಾರಾಯ್ತಿ?"

ಓಟಕ್ಕೆ ಮೊದಲಿನ ವಾರವೆಲ್ಲ ನನಗೆ ಕಾಲಿನ ಚಿಂತೆಗಿಂತ ಮುಖದ ಚಿಂತೆ. ಅವಳು ತೆಳ್ಳಗೆ, ಎತ್ತರಕ್ಕೆ, ಉದ್ದ ಜಡೆಯವಳು ಎಂದು ಯಾವಾಗಲೋ ನಿಶ್ಚಯ ಮಾಡಿಕೊಂಡಿದ್ದೆ. ಪೈಚಾರಿನಲ್ಲಿ ಅಂಥವರು ಯಾರೂ ಇರಲಿಲ್ಲ. ನೀಲಿ ಸೀರೆಯುಟ್ಟು, ಕಪ್ಪು ಕೊಡೆ ಹಿಡಿದು, ದಪ್ಪ ಕನ್ನಡಕದ, ಗಿಡ್ಡಗಿನ, ನನಗಿಂತ ಹತ್ತು ವರ್ಷವಾದರೂ ದೊಡ್ಡವರಾದ ಒಬ್ಬರು ನಿಂತಿದ್ದರು. ಕೈಯಲ್ಲಿ ಸ್ಟೀಲಿನ ಚೆಂಬು, ಲೋಟ. ನಾನು ನಿಂತೆ. ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಪೈಜಾಮ, ಬೆವರಿಗೆ ಅಂಟಿದ ಅಂಗಿ, ಕೆಂಪಾದ ಮುಖ. ಅವರ ಮನಸ್ಸಿನಲ್ಲಿಯೂ ಯಾವುದೋ ಒಂದು ಪುತ್ತೂರು ಇದ್ದಿರಬೇಕು, ಅದು ನಾನಾಗಿರಲಿಲ್ಲ.

"ಲಿಂಬೆ ಹಾಕಿದ ಗ್ಲೂಕೋಸ್" ಎಂದರು. "ಕುಡೀರಿ."

ಕುಡೀರಿ. ನಾನು ಕುಡಿದು, "ಥ್ಯಾಂಕ್ಸ್, ನಿಮಗೆ ತೊಂದರೆ ಆಯ್ತು" ಎಂದು ಹೇಳಿ ಮುಂದೆ ಓಡಿದೆ. ಅಷ್ಟು ವರ್ಷ 'ನೀನು' ಎಂದ ಬಾಯಿಗೆ 'ನಿಮಗೆ' ಎಲ್ಲಿಂದ ಬಂತು ಎಂದು ಜಾಲ್ಸೂರಿನವರೆಗೂ ಯೋಚಿಸಿದೆ. ತಿರುಗಿ ಬರುವಾಗ ಪೈಚಾರಿನಲ್ಲಿ ಅವರಿರಲಿಲ್ಲ. ಓಟ ಮುಗಿಯುವಲ್ಲಿಗೆ ಬಂದು ಕಾದಿದ್ದರು. ಇಬ್ಬರೂ ಹೋಟೆಲಿಗೆ ಹೋದೆವು. ಎದುರುಬದುರು ಕೂತೆವು. ಗೋಳಿಬಜೆ ಬಂತು. ಸೆಕೆ ಜಾಸ್ತಿ ಎಂದರು ಅವರು. ಪುತ್ತೂರಿನಲ್ಲಿಯೂ ಹಾಗೆಯೇ ಎಂದೆ ನಾನು. ಚಟ್ನಿ ಚೆನ್ನಾಗಿದೆ ಎಂದೆವು. ದಿನಾ ಮಧ್ಯಾಹ್ನ ಕರೆ ಬಂದು ಅಡ್ಡಿಯಾಯಿತಲ್ಲ ಎಂದು ಶಪಿಸುತ್ತಿದ್ದವರು, ಅಂದು ಯಾರಾದರೂ ಬಂದು ಅಡ್ಡಿ ಮಾಡಬಾರದೇ ಎಂದು ಬಾಗಿಲು ನೋಡುತ್ತ ಕೂತೆವು. ಬಸ್ಸಿಗೆ ಹೊತ್ತಾಯಿತು ಎಂದು ನಾನೇ ಎದ್ದೆ. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

ಮರುದಿನ ಪ್ಲಗ್ ಚುಚ್ಚಿ "ಸುಳ್ಯ" ಎಂದೆ. ಕಣ್ಣ ಮುಂದೆ ಕನ್ನಡಕ ಬಂತು. ಆ ಕಡೆಯಿಂದ "ಪುತ್ತೂರು, ಲೈನ್ ಬಿಡಿ" ಎಂದಿತು ಸ್ವರ. ಬಿಡು ಅಲ್ಲ, ಬಿಡಿ.

ಜಗಳವಾಗಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತು. ಇಲ್ಲಿ ಯಾರೂ ಏನೂ ಮಾಡಿರಲಿಲ್ಲ. ಮಧ್ಯಾಹ್ನದ ಮಾತು ಒಂದೊಂದೇ ದಿನ ತಪ್ಪುತ್ತ ಬಂತು. ಮುಂದೆ ಪುತ್ತೂರು ಸುಳ್ಯದ ನಡುವೆ ನೇರ ಡಯಲ್ ಬಂತು. ಜನ ನಮ್ಮನ್ನು ಕೇಳದೆಯೇ ಮಾತಾಡತೊಡಗಿದರು. ನನ್ನನ್ನು ಬೇರೆ ಮೇಜಿಗೆ ಕೂರಿಸಿದರು. ದೇವಕಿಗೆ ಕಡಬಕ್ಕೆ ವರ್ಗವಾಯಿತೆಂದು ಯಾರೋ ಹೇಳಿದರು. ಆಗ ಹೊಳೆಯಿತು, ನನ್ನ ಬಳಿ ಅವಳ ನಂಬರೇ ಇರಲಿಲ್ಲ. ಎರಡು ತಾಲೂಕಿನ ನಂಬರುಗಳು ಬಾಯಿಪಾಠವಿದ್ದವರಿಗೆ ತಮ್ಮ ತಮ್ಮೊಳಗೆ ಒಂದು ನಂಬರು ಬೇಕಾಗಿರಲಿಲ್ಲ. ಪ್ಲಗ್ ಚುಚ್ಚಿ ಊರಿನ ಹೆಸರು ಹೇಳಿದರಾಗುತ್ತಿತ್ತು.

ಓಡುವುದನ್ನು ಬಿಡಲಿಲ್ಲ. ಆದರೆ ಓಡಿ ಬಂದ ಮೇಲೆ ಅದನ್ನು ಎಲ್ಲಿ ಇಡುವುದೆಂದು ಗೊತ್ತಾಗುತ್ತಿರಲಿಲ್ಲ. ಯಾವುದೋ ತಿರುವಿನಲ್ಲಿ ನವಿಲು ಅಡ್ಡ ಬಂದರೆ, ಇದನ್ನು ಹೇಳಬೇಕು ಎಂದು ಮನಸ್ಸು ತಾನಾಗಿಯೇ ಅಂದುಕೊಳ್ಳುತ್ತಿತ್ತು. ಎರಡು ಹೆಜ್ಜೆ ಮುಂದೆ ಹೋದ ಮೇಲೆ, ಯಾರಿಗೆ ಎಂದು ಕೇಳುತ್ತಿತ್ತು. ಆ ವರ್ಷಗಳಲ್ಲಿ ನಾನು ನಿಜವಾಗಿ ಒಬ್ಬಳೇ ಓಡಿದೆ.

ಕಡಬದ ಓಟ ಎಂಬತ್ತರ ದಶಕದ ಕೊನೆಯಲ್ಲಿ. ನನಗೆ ನಲವತ್ತು ಹತ್ತಿರವಾಗಿತ್ತು. ಈ ಸಲ ನಂಬರು ಕೊಟ್ಟರು. ಇನ್ನೂ ಇಬ್ಬರು ಕಾಲೇಜು ಹುಡುಗಿಯರೂ ಇದ್ದರು, ಚಿಗರೆಗಳ ಹಾಗೆ ಹಾರಿಹೋದರು. ಕಡಬದಿಂದ ಆಲಂಕಾರಿನ ಕಡೆಗೆ ಹೋಗಿ ಬರುವುದು. ದೇವಕಿಗೆ ಸುದ್ದಿ ಮುಟ್ಟಿಸಿರಲಿಲ್ಲ. ಮುಟ್ಟಿಸದೆಯೇ ಹೋಗುವ ದಾರಿಯುದ್ದಕ್ಕೂ ಪ್ರತಿ ಅಂಗಡಿಯ ಮುಂದೆ, ಪ್ರತಿ ಗೇಟಿನ ಬಳಿ ಕಪ್ಪು ಕೊಡೆ ಹುಡುಕಿದೆ. ಸಿಗಲಿಲ್ಲ. ವಾಪಸು ಬರುವಾಗ ಹುಡುಕುವುದನ್ನು ಬಿಟ್ಟೆ. ಬಿಸಿಲು ನೆತ್ತಿಗೇರಿತ್ತು. ಹಿಂದೆ, ಸೋತವರನ್ನು ಹತ್ತಿಸಿಕೊಳ್ಳಲು ಓಟದವರು ಬಿಟ್ಟ ಜೀಪು. ಅದರ ಡ್ರೈವರ್ ಆಗಾಗ ಹತ್ತಿರ ತಂದು, "ಹತ್ತುದಾ ಅಕ್ಕ? ಯಾರೂ ನೋಡುದಿಲ್ಲ" ಎಂದು ದಯೆಯಿಂದ ಕೇಳುತ್ತಿದ್ದ. ಯಾರೂ ನೋಡುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಹತ್ತಿಬಿಡೋಣ ಎಂದು ನಿಧಾನಿಸಿದೆ.

ಆಗ ರಸ್ತೆ ಬದಿಯ ಗೋಳಿಮರದ ಅಡಿಯಿಂದ ಯಾರೋ ಎದ್ದು ಬಂದರು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಎಡಬದಿಗೆ ಸೇರಿಕೊಂಡರು.

"ನಿಲ್ಬೇಡ. ನಡಿ."

ತಿರುಗಿ ನೋಡಲು ಹೋದೆ. "ಈ ಕಡೆ ನೋಡ್ಬೇಡ ಪುತ್ತೂರು" ಎಂದಿತು ಸ್ವರ. "ರಸ್ತೆ ನೋಡು. ಮುಖ ನೋಡಿದ್ರೆ ನನಗೆ ಮಾತು ಬರುದಿಲ್ಲ."

ಹೆಡ್‌ಫೋನ್ ಹಾಕುತ್ತಿದ್ದ ಕಿವಿ ಎಡದ್ದು. ಆ ಕಿವಿಗೆ ಆ ಸ್ವರ ಎಷ್ಟೋ ವರ್ಷದ ಮೇಲೆ ಬಂತು. ಇಬ್ಬರೂ ರಸ್ತೆ ನೋಡಿಕೊಂಡು ಹೊರಟೆವು. ಓಟವೆಂದರೆ ಓಟವಲ್ಲ, ನಡಿಗೆಯೆಂದರೆ ನಡಿಗೆಯಲ್ಲ.

"ಅವತ್ತು ಹೋಟೆಲಿನಲ್ಲಿ ನನಗೆ ಎಂತ ಆಯ್ತು ಗೊತ್ತುಂಟಾ?" ಎಂದಳು. "ನನ್ನದು ಎಲ್ಲಾ ಗೊತ್ತಿರುವ ಒಂದು ಜನ ಎದುರಿಗೆ ಕೂತು ಗೋಳಿಬಜೆ ತಿನ್ನುದು. ತಂತಿಯಲ್ಲಿ ಹೇಳುವಾಗ ಯಾರಿಗೂ ಹೇಳಿದ ಹಾಗೆ ಆಗ್ತಿರ್ಲಿಲ್ಲ. ಅವತ್ತು ನಾಚಿಕೆ ಆಯ್ತು ಮಾರಾಯ್ತಿ."

"ನನಗೂ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಉಸಿರಿರಲಿಲ್ಲ.

"ನೀನು ಮಾತಾಡ್ಬೇಡ, ಓಡು. ನಾನು ಹೇಳ್ತೇನೆ."

ಹೇಳಿದಳು. ಗಂಡ ಒಮ್ಮೆ ಬಂದು, ಅಂಗಳದಲ್ಲಿ ನಿಂತು ನೀರು ಕುಡಿದು ಹೋದದ್ದು. ಕಡಬದ ಎಕ್ಸ್‌ಚೇಂಜಿನಲ್ಲಿ ಮಧ್ಯಾಹ್ನಗಳು ಎಷ್ಟು ಉದ್ದ ಎಂಬುದು. ಹೆಂಗಸೊಬ್ಬಳು ಓಟಕ್ಕೆ ಬಂದಿದ್ದಾಳೆಂದು ಬೆಳಗ್ಗೆ ಅಂಗಡಿಯಲ್ಲಿ ಕೇಳಿದ್ದು, ಹೋಗುವಾಗ ನಾನು ದಾಟಿದ್ದನ್ನು ಮರದ ಹಿಂದೆ ನಿಂತು ನೋಡಿದ್ದು, ಧೈರ್ಯ ಸಾಲದೆ ಅಲ್ಲಿಯೇ ಕೂತದ್ದು. ಸಣ್ಣ ಮಗುವಿನ ಮಾತಿನಂತೆ ಒಂದಕ್ಕೊಂದು ಸಂಬಂಧವಿಲ್ಲದೆ ಹೇಳುತ್ತ ಹೋದಳು. ಅವಳಿಗೆ ಏದುಸಿರು ಬಂದಾಗ ನಾನು ಹೇಳಿದೆ, ನನಗೆ ಬಂದಾಗ ಅವಳು. ಜೀಪಿನವನು ಹಾರನ್ ಹೊಡೆಯುವುದನ್ನು ನಿಲ್ಲಿಸಿ ದೂರ ಉಳಿದ.

ಗೆರೆಯ ಹತ್ತಿರ ಬಂದಾಗ ಇಲ್ಲಿಯೂ ಶಾಮಿಯಾನ ಬಿಚ್ಚುತ್ತಿದ್ದರು. ದೇವಕಿ ಇದ್ದಕ್ಕಿದ್ದಂತೆ ನಡಿಗೆ ನಿಧಾನ ಮಾಡಿ ಹಿಂದೆ ಉಳಿದಳು. ನಾನು ದಾಟಿದೆ. ಆಮೇಲೆ ಅವಳು ಸೀರೆ ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ಗಂಭೀರವಾಗಿ ಗೆರೆ ದಾಟಿದಳು.

"ಇವತ್ತು ಕೊನೆಗೆ ಬಂದದ್ದು ನಾನು" ಎಂದಳು. "ನೀನಲ್ಲ."

ಬಸ್ಸು ಬರುವವರೆಗೆ ನಿಲ್ದಾಣದ ಕಟ್ಟೆಯ ಮೇಲೆ ಪಕ್ಕಪಕ್ಕ ಕೂತೆವು, ಇಬ್ಬರೂ ರಸ್ತೆಗೆ ಮುಖ ಮಾಡಿ. ಬಸ್ಸಿನ ಕಿಟಕಿಯಿಂದ ಒಮ್ಮೆ ನೋಡಿದೆ. ಕನ್ನಡಕದ ಮೇಲೆ ಬಿಸಿಲು ಬಿದ್ದು ಕಣ್ಣು ಕಾಣಲಿಲ್ಲ. ಮುಂದಿನ ವರ್ಷ ಓಟ ನಡೆಯಲಿಲ್ಲ. ನಾನೊಮ್ಮೆ ಕಡಬಕ್ಕೆ ಹೋಗಿ ವಿಚಾರಿಸುವಷ್ಟರಲ್ಲಿ ಅವಳು ಕೆಲಸ ಬಿಟ್ಟು ಘಟ್ಟದ ಮೇಲಿನ ತಂಗಿಯ ಮನೆಗೆ ಹೋಗಿದ್ದಾಳೆ ಎಂದರು. ಯಾವ ಊರು ಎಂದು ಅವರಿಗೂ ಗೊತ್ತಿರಲಿಲ್ಲ. ಈಗ ಇದ್ದಾಳೋ ಇಲ್ಲವೋ ನನಗೆ ತಿಳಿಯದು. ಇದ್ದರೆ ಬಹಳ ವಯಸ್ಸಾಗಿರಬೇಕು.

ಜ್ವರ ಬಿಟ್ಟು ಇವತ್ತಿಗೆ ಮೂರನೆಯ ದಿನ. ಬೆಳಗ್ಗೆ ಎದ್ದು, ಮೊಣಕಾಲಿಗೆ ಪಟ್ಟಿ ಬಿಗಿದು, ದರ್ಬೆಯಿಂದ ನಿಧಾನವಾಗಿ ಹೊರಟೆ. ಓಡುವುದು ಎಂದೋ ನಿಂತಿದೆ. ಈಗ ನಡೆದರೆ ಅದೇ ದೊಡ್ಡದು. ಎಷ್ಟೋ ವರ್ಷಗಳಿಂದ ನಡೆಯುವಾಗ ಮನಸ್ಸಿನೊಳಗೇ ಅವಳಿಗೆ ಒಂದೊಂದು ಮಾತು ಹೇಳುವ ಅಭ್ಯಾಸ ನನಗಿದೆ. ಇವತ್ತು ಏನಾಯಿತೋ, ಮಾತು ಬಾಯಿಗೇ ಬಂತು. "ಜ್ವರ ಬಂದಿತ್ತು ಮಾರಾಯ್ತಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಹೇಳಿ, ಯಾರಾದರೂ ಕೇಳಿಸಿಕೊಂಡರೇ ಎಂದು ಗಾಬರಿಯಾಗಿ ಸುತ್ತ ನೋಡಿದೆ. ಎದುರಿನಿಂದ ಬರುತ್ತಿದ್ದ ಯುವಕನೂ ಒಬ್ಬನೇ ಮಾತಾಡಿಕೊಂಡು, ಕೈ ಬೀಸಿ, ನಕ್ಕು ಬರುತ್ತಿದ್ದ. ಅವನ ಕಿವಿಯಲ್ಲಿ ಕಾಳಿನಷ್ಟು ಬಿಳಿಯದೇನೋ ಇತ್ತು. ಅವನ ಹಿಂದೆ ಬಂದ ಹುಡುಗಿಯೂ ಹಾಗೆಯೇ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಈ ಮುದುಕಿಯೂ ಯಾರಿಗೋ ಫೋನು ಮಾಡುತ್ತಿದ್ದಾಳೆ ಎಂದುಕೊಂಡರೋ ಏನೋ.

ನಾನು ರಸ್ತೆಯ ಬಲಬದಿಗೆ ಸರಿದು, ಎಡಗಡೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು, ಮಾತು ಮುಂದುವರಿಸಿದೆ. ಮುಕ್ರಂಪಾಡಿಯವರೆಗೆ ಹೋಗಿ ಬಂದೆವು.